ಹನ್ನೊಂದು ವರ್ಷದ ಮಗುವಿಗೆ ಇರುವ ನಿಯಮ ರೇಸ್ ಕಮಿಟಿಗೆ ಏಕಿಲ್ಲ?

ಮೂರು ವಾರ ಕಳೆದರೂ ನನ್ನ ಸಿಟ್ಟು ಇಳಿದಿಲ್ಲ. ಹನ್ನೊಂದು ವರ್ಷದ ನನ್ನ ಮಗಳು ಒಂದು ಜಲಾಶಯದಲ್ಲಿ ನಡೆದ ಮಕ್ಕಳ ಹಾಯಿದೋಣಿ ಸ್ಪರ್ಧೆಯಲ್ಲಿ, ಅಂದರೆ ರೆಗಟ್ಟಾದಲ್ಲಿ, ಭಾಗವಹಿಸಿದ್ದಳು. ಆಯೋಜಕರೇ ಬರೆದು, ಸಹಿ ಹಾಕಿ, ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಸೂಚನೆಯಂತೆ ಮೂರನೆಯ ರೇಸಿನಲ್ಲಿ ಅವಳು ಎರಡನೆಯ ಸುತ್ತಿಗೂ ಹೊರಟಳು. ಅಂದು ಬೆಳಿಗ್ಗೆ ಬಾಯಿಮಾತಿನಲ್ಲಿ ಹೇಳಿದ್ದನ್ನು ಕೇಳಿಸಿಕೊಂಡಿದ್ದ ಉಳಿದ ಮಕ್ಕಳು ಒಂದೇ ಸುತ್ತಿಗೆ ಮುಗಿಸಿದರು. ಬರೆದದ್ದನ್ನು ಪಾಲಿಸಿದವಳ ಹೆಸರಿನ ಮುಂದೆ ‘ಡಿಎನ್‌ಎಫ್’, ಅಂದರೆ ರೇಸ್ ಮುಗಿಸಲಿಲ್ಲ, ಎಂದು ಬರೆದರು. ಸಂಜೆ ಆ ಹಾಳೆಯ ಮುಂದೆ ನಿಂತು ಅವಳು, “ಅಮ್ಮ, ನಾನು ಬೋರ್ಡಿನಲ್ಲಿ ಇದ್ದ ಹಾಗೇ ಹೋದೆನಲ್ಲ?” ಎಂದು ಕೇಳಿದಾಗ ನನ್ನ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಈ ಆಟದ ಪರಿಚಯವಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಮಕ್ಕಳು ನಡೆಸುವ ಆಪ್ಟಿಮಿಸ್ಟ್ ಎಂಬ ಡಿಂಗಿ ಸುಮಾರು 2.3 ಮೀಟರ್ ಉದ್ದದ, 35 ಕಿಲೋ ತೂಕದ, ಒಬ್ಬರೇ ಕೂತು ನಡೆಸುವ ಪುಟ್ಟ ದೋಣಿ. ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬುವರು 1947ರಲ್ಲಿ ಮಕ್ಕಳಿಗೆಂದೇ ಇದನ್ನು ರೂಪಿಸಿದರು; 15 ವರ್ಷದವರೆಗಿನ ಮಕ್ಕಳು ಇದರಲ್ಲಿ ಸ್ಪರ್ಧಿಸುತ್ತಾರೆ. ರೇಸ್ ಶುರುವಾದ ಮೇಲೆ ಹಾಯಿ, ಚುಕ್ಕಾಣಿ, ದೋಣಿಗೆ ನುಗ್ಗಿದ ನೀರು, ಎದುರಿಗೆ ಬರುವ ಇನ್ನೊಂದು ದೋಣಿ, ಎಲ್ಲವನ್ನೂ ಆ ಮಗು ಒಬ್ಬಂಟಿಯಾಗಿ ನೋಡಿಕೊಳ್ಳಬೇಕು. ದಡದಿಂದ ತಾಯಿಯಾಗಲಿ ಕೋಚ್ ಆಗಲಿ ಒಂದು ಮಾತು ಕೂಗಿ ಹೇಳುವಂತಿಲ್ಲ. ತಪ್ಪು ಮಾಡಿದವರು ತಮಗೆ ತಾವೇ ಶಿಕ್ಷೆ ಕೊಟ್ಟುಕೊಳ್ಳಬೇಕು ಎಂಬುದು ಈ ಆಟದ ಬುನಾದಿ: ಮಾರ್ಕಿಗೆ (ಹಾದಿ ಗುರುತಿಸಲು ನೀರಿನಲ್ಲಿ ತೇಲಿಬಿಟ್ಟ ಗುರುತಿಗೆ) ದೋಣಿ ತಾಗಿದರೆ ಒಂದು ಸುತ್ತು, ಇನ್ನೊಬ್ಬರ ಹಾದಿಯ ಹಕ್ಕನ್ನು ಮುರಿದರೆ ಎರಡು ಸುತ್ತು ದೋಣಿಯನ್ನು ಇದ್ದಲ್ಲೇ ತಿರುಗಿಸಿ ಮುಂದೆ ಹೋಗಬೇಕು. ಮೊದಲ ರೇಸಿನಲ್ಲಿ ನನ್ನ ಮಗಳ ದೋಣಿಯ ಅಂಚು ಮಾರ್ಕಿಗೆ ಸವರಿತ್ತು. ಸುತ್ತಮುತ್ತ ಯಾರೂ ಅದನ್ನು ಗಮನಿಸಿರಲಿಲ್ಲ. ಆದರೂ ಅವಳು ಪಕ್ಕಕ್ಕೆ ಸರಿದು ಒಂದು ಸುತ್ತು ತಿರುಗಿದಳು. ಅಷ್ಟರಲ್ಲಿ ಎರಡು ದೋಣಿಗಳು ಅವಳನ್ನು ದಾಟಿ ಹೋದವು. ನಾಲ್ಕನೆಯವಳಾಗಿದ್ದವಳು ಆರನೆಯವಳಾಗಿ ಮುಗಿಸಿದಳು ಮತ್ತು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಇಷ್ಟು ಪ್ರಾಮಾಣಿಕತೆಯನ್ನು ನಾವು ಐದನೆಯ ತರಗತಿಯ ಮಗುವಿನಿಂದ ನಿರೀಕ್ಷಿಸುತ್ತೇವೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕು.

ಎರಡನೆಯ ದಿನ ಬೆಳಿಗ್ಗೆ ಎಂಟೂವರೆಗೆ ಸ್ಕಿಪ್ಪರ್ಸ್ ಮೀಟಿಂಗ್, ಅಂದರೆ ಸ್ಪರ್ಧಿಗಳಿಗೆ ಸೂಚನೆ ಹೇಳುವ ಸಭೆ, ಎಂದು ಪ್ರಕಟಿಸಿದ್ದರು. ಅದೇ ಎಂಟೂವರೆಗೆ ನನ್ನ ಮಗಳನ್ನೂ ಇನ್ನಿಬ್ಬರು ಮಕ್ಕಳನ್ನೂ ಸಲಕರಣೆಗಳ ತಪಾಸಣೆಗೆ ದಡದ ಇನ್ನೊಂದು ತುದಿಗೆ ಕರೆಸಿದರು. ಕರೆಸಿದ್ದು ರೇಸ್ ನಡೆಸುವ ಇದೇ ರೇಸ್ ಕಮಿಟಿ. ದೋಣಿಯನ್ನು ಎಳೆಯಲು ಹಾಯಿ ಕಟ್ಟುವ ಕೂವೆಮರದ ಬುಡಕ್ಕೆ ಕಟ್ಟಿರುವ ಹಗ್ಗ ಕನಿಷ್ಠ 8 ಮೀಟರ್ ಇರಬೇಕು. ಅವಳದ್ದು ಏಳೂವರೆ ಮೀಟರ್ ಇತ್ತು. ತಪಾಸಣೆಗೆ ಬಂದವರು ಟೇಪ್ ಹಿಡಿದು ಎರಡು ಸಲ ಅಳೆದರು, ಲೈಫ್ ಜಾಕೆಟ್ಟಿಗೆ ಕಟ್ಟಿದ ಸೀಟಿಯನ್ನು ಊದಿಸಿದರು, ನೀರು ಮೊಗೆಯುವ ಡಬ್ಬಕ್ಕೆ ದಾರ ಕಟ್ಟಿದೆಯೇ ಎಂದು ನೋಡಿದರು, ಗಾಳಿಚೀಲಗಳನ್ನು ಒತ್ತಿ ಪರೀಕ್ಷಿಸಿದರು. ಹೊಸ ಹಗ್ಗ ತರುವವರೆಗೆ ನೀರಿಗೆ ಇಳಿಯುವಂತಿಲ್ಲ ಎಂದರು. ಅದು ಸರಿಯಾದ ಮಾತು, ಹಗ್ಗದ ಅಳತೆ ನೋಡಿಕೊಳ್ಳದೆ ಬಂದದ್ದು ನಮ್ಮ ತಪ್ಪು, ನಾನು ತಕರಾರು ಮಾಡದೆ ಹೊಸ ಹಗ್ಗ ತಂದು ಕಟ್ಟಿಸಿದೆ. ಆದರೆ ಅರ್ಧ ಮೀಟರ್ ಹಗ್ಗದ ವಿಷಯದಲ್ಲಿ ಅಷ್ಟು ಬಿಗಿಯಾಗಿದ್ದವರು, ಆ ಹೊತ್ತಿನಲ್ಲೇ ಇನ್ನೊಂದು ತುದಿಯಲ್ಲಿ ರೇಸ್ ನಡೆಸುವ ಹೊಣೆ ಹೊತ್ತ ರೇಸ್ ಆಫೀಸರ್ ಉಳಿದ ಮಕ್ಕಳಿಗೆ “ಇವತ್ತು ಗಾಳಿ ಕಡಿಮೆ, ಎರಡು ಸುತ್ತು ಬೇಡ, ಒಂದೇ ಸುತ್ತಿಗೆ ಫಿನಿಶ್ ತಗೊಳ್ಳಿ” ಎಂದು ಹೇಳಿದ್ದನ್ನು ಈ ಮೂವರಿಗೆ ತಿಳಿಸುವ ಗೋಜಿಗೆ ಹೋಗಲಿಲ್ಲ. ನೋಟಿಸ್ ಬೋರ್ಡಿನಲ್ಲಿ ಎರಡು ಸುತ್ತಿನ ಕೋರ್ಸಿನ, ಅಂದರೆ ರೇಸಿನ ಹಾದಿಯ, ನಕ್ಷೆಯೇ ಉಳಿಯಿತು. ಮಧ್ಯಾಹ್ನ ಹನ್ನೆರಡೂವರೆಗೆ ನಾನು ಆ ಬೋರ್ಡಿನ ಫೋಟೊ ತೆಗೆದಿದ್ದೇನೆ. ಯಾವ ತಿದ್ದುಪಡಿಯೂ ಅದರಲ್ಲಿ ಇಲ್ಲ.

ಗಾಳಿಗಾಗಿ ಕಾದು ಕಾದು ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಮೂರನೆಯ ರೇಸ್ ಶುರು ಮಾಡಿದರು. ಮೊದಲ ಸುತ್ತಿನ ಕೊನೆಯಲ್ಲಿ ಮೂರನೆಯ ಮಾರ್ಕಿನ ಹತ್ತಿರ ಬಂದಾಗ ನನ್ನ ಮಗಳು ಐದನೆಯವಳಾಗಿದ್ದಳು. ಮುಂದಿದ್ದ ನಾಲ್ವರು ಫಿನಿಶ್ ಲೈನಿನ ಕಡೆ ತಿರುಗಿದರು. ಅವಳು ಮಾತ್ರ ಮಾರ್ಕ್ ಸುತ್ತಿ ಮತ್ತೆ ಗಾಳಿಗೆ ಎದುರಾಗಿ ಹೊರಟಳು. ಏಕೆ ಎಂದು ನಾನು ಅನಂತರ ಕೇಳಿದೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: “ಕೋರ್ಸ್ ಚಿಕ್ಕದು ಮಾಡಿದರೆ ಎಸ್ ಬಾವುಟ ಹಾಕಬೇಕು ಅಲ್ವಾ ಅಮ್ಮ, ಎರಡು ಸಲ ಹಾರ್ನ್ ಹೊಡೀಬೇಕು. ಬಾವುಟ ಇರಲಿಲ್ಲ. ಹಾರ್ನ್ ಒಂದೇ ಸಲ ಕೇಳಿಸ್ತು. ಅವರೆಲ್ಲ ತಪ್ಪಾಗಿ ಹೋಗ್ತಿದ್ದಾರೆ ಅಂದ್ಕೊಂಡೆ.” ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಬಿಳಿಯ ನಡುವೆ ನೀಲಿ ಚೌಕವಿರುವ ಎಸ್ ಬಾವುಟವನ್ನು ಏರಿಸಿ ಎರಡು ಬಾರಿ ಶಬ್ದ ಮಾಡುವುದೇ ಕೋರ್ಸ್ ಮೊಟಕುಗೊಳಿಸುವ ವಿಧಾನ ಎಂದು ನಿಯಮ ಪುಸ್ತಕದಲ್ಲಿದೆ. ಫಿನಿಶ್ ಬೋಟಿನ ಮೇಲೆ ನೀಲಿ ಬಾವುಟ ಹಾರುತ್ತಿತ್ತಲ್ಲ ಎಂದು ಒಬ್ಬರು ನನಗೆ ಪಾಠ ಹೇಳಲು ಬಂದರು. ಆ ಬೋಟು ಫಿನಿಶ್ ಲೈನಿನಲ್ಲಿ ನೆಲೆ ನಿಂತಿದೆ ಎನ್ನುವುದಷ್ಟೇ ನೀಲಿ ಬಾವುಟದ ಅರ್ಥ. ಸುತ್ತುಗಳ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಮುಂದೆ ನಡೆದದ್ದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. 31 ಮಕ್ಕಳು ಮುಗಿಸಿದ ಕೂಡಲೇ ಕಮಿಟಿಯ ಬೋಟು ಲಂಗರು ಎತ್ತಿತು. ರೆಸ್ಕ್ಯೂ ಬೋಟು ಮಾರ್ಕುಗಳನ್ನು ಒಂದೊಂದಾಗಿ ಎತ್ತಿ ಹಾಕಿಕೊಂಡು ದಡದ ಕಡೆ ಬಂತು. ಆ ಹೊತ್ತಿಗೆ ಗಾಳಿ ಪೂರಾ ಬಿದ್ದುಹೋಗಿತ್ತು. ದೂರದಲ್ಲಿ, ಎದುರು ದಡದ ಗುಡ್ಡದ ನೆರಳಿನ ಅಂಚಿನಲ್ಲಿ, ಮೂರು ಬಿಳಿಯ ಹಾಯಿಗಳು ಜೋತುಬಿದ್ದು ನಿಂತಲ್ಲೇ ನಿಂತಿದ್ದವು. ನಾನು ಸಹಿ ಪಟ್ಟಿಯ ಮೇಜಿಗೆ ಓಡಿದೆ. ನೀರಿಗೆ ಇಳಿಯುವಾಗ ಒಂದು ಸಹಿ, ದಡಕ್ಕೆ ಬಂದ ಮೇಲೆ ಒಂದು ಸಹಿ ಎಂಬ ಏರ್ಪಾಡು ಇರುವುದೇ ನೀರಿನಲ್ಲಿ ಒಂದು ಮಗುವೂ ಉಳಿಯಬಾರದು ಎಂಬುದಕ್ಕಾಗಿ. ಮೇಜಿನ ಹಿಂದಿದ್ದವರು ತಲೆ ಎತ್ತದೆ “ಎಲ್ಲರೂ ಬಂದಾಯ್ತು” ಎಂದರು. ಪಟ್ಟಿಯನ್ನು ನಾನೇ ತಿರುಗಿಸಿ ನೋಡಿದೆ. 34 ಹೆಸರುಗಳಲ್ಲಿ ಮೂರು ಹೆಸರುಗಳ ಮುಂದೆ ಎರಡನೆಯ ಸಹಿಯ ಜಾಗ ಖಾಲಿ ಇತ್ತು, ಮತ್ತು ಅದರಲ್ಲಿ ಒಂದು ನನ್ನ ಮಗಳದ್ದು. ಆಮೇಲೆ ಬೋಟಿಗೆ ಪೆಟ್ರೋಲ್ ತುಂಬಿಸಿ ಕಳುಹಿಸಿದರು. ಬೆಳಿಗ್ಗೆ ಟೇಪ್ ಹಿಡಿದು ಅಳೆಸಿದ ಆ ಎಂಟು ಮೀಟರ್ ಹಗ್ಗದಿಂದಲೇ ಮೂರು ದೋಣಿಗಳನ್ನು ಒಂದರ ಹಿಂದೊಂದು ಕಟ್ಟಿ ಎಳೆದು ತಂದಾಗ ಮೂರೂಕಾಲು ಗಂಟೆಯಾಗಿತ್ತು. ಮಕ್ಕಳ ಕುಡಿಯುವ ನೀರು ಮುಗಿದಿತ್ತು. ಮೂವರಲ್ಲಿ ಚಿಕ್ಕವನಿಗೆ ಒಂಬತ್ತು ವರ್ಷ. ಅವನು ಅಳುವುದನ್ನೂ ನಿಲ್ಲಿಸಿ ಸುಮ್ಮನೆ ಕೂತಿದ್ದ. ರೇಸಿನ ಅಂಕ ಒಂದು ಕಡೆ ಇರಲಿ, ನೀರಿನ ಮೇಲೆ ಮಕ್ಕಳನ್ನು ಬಿಟ್ಟು ಲಂಗರು ಎತ್ತಿದವರನ್ನು ನಾನು ಹೇಗೆ ಕ್ಷಮಿಸಲಿ?

ಐದೂವರೆಗೆ ಫಲಿತಾಂಶದ ಹಾಳೆ ಹಚ್ಚಿದರು. ಡಿಎನ್‌ಎಫ್ ಎಂದರೆ ಒಟ್ಟು ದೋಣಿಗಳ ಸಂಖ್ಯೆಗೆ ಒಂದು ಕೂಡಿಸಿ ಅಂಕ ಕೊಡುತ್ತಾರೆ, ಅಂದರೆ 35. ಈ ಆಟದಲ್ಲಿ ಅಂಕ ಕಡಿಮೆಯಿದ್ದಷ್ಟೂ ಒಳ್ಳೆಯದು. ಐದು ರೇಸ್ ನಡೆದರೆ ಮಾತ್ರ ಕೆಟ್ಟ ಅಂಕವೊಂದನ್ನು ಕೈಬಿಡಬಹುದು ಎಂದು ಸೂಚನೆಯಲ್ಲಿತ್ತು, ಕೊನೆಗೆ ನಡೆದದ್ದು ನಾಲ್ಕೇ. ಅವಳ ಅಂಕಗಳು 6, 4, 35, 7. ಒಟ್ಟು 52. ಆ ಒಂದು ರೇಸಿಗೆ ಉಳಿದ ಮೂರರ ಸರಾಸರಿಯಾದ 5.7 ಕೊಟ್ಟಿದ್ದರೆ ಒಟ್ಟು 22.7 ಆಗುತ್ತಿತ್ತು. ಇಂಥ ಪರಿಹಾರ ಕೊಡುವ ಅಧಿಕಾರ ದೂರುಗಳನ್ನು ವಿಚಾರಿಸುವ ಪ್ರೊಟೆಸ್ಟ್ ಕಮಿಟಿಗೆ ಇದೆ. ರೇಸ್ ಕಮಿಟಿಯ ತಪ್ಪಿನಿಂದ, ತನ್ನದೇನೂ ದೋಷವಿಲ್ಲದೆ, ಒಬ್ಬ ಸ್ಪರ್ಧಿಯ ಸ್ಥಾನ ಕೆಟ್ಟರೆ ಅದನ್ನು ಸರಿಪಡಿಸಲೆಂದೇ ‘ರಿಡ್ರೆಸ್’ ಎಂಬ ವ್ಯವಸ್ಥೆ ಇರುವುದು. ಆದ್ದರಿಂದ ಮಗಳೇ ತನ್ನ ಕೈಯಾರೆ ಅರ್ಜಿ ಬರೆದಳು. ಅವಧಿ ಮೀರಿದೆ, ಕೊನೆಯ ದೋಣಿ ಮುಗಿಸಿದ ಎರಡು ಗಂಟೆಯೊಳಗೆ, ಅಂದರೆ ನಾಲ್ಕು ಗಂಟೆಯ ಸುಮಾರಿಗೇ ಕೊಡಬೇಕಿತ್ತು ಎಂದು ಅದನ್ನು ಹಿಂದಿರುಗಿಸಿದರು. ಐದೂವರೆಗೆ ಪ್ರಕಟವಾದ ಫಲಿತಾಂಶದ ವಿರುದ್ಧ ನಾಲ್ಕು ಗಂಟೆಗೆ ಅರ್ಜಿ ಕೊಡುವುದು ಹೇಗೆ? ಸಕಾರಣವಿದ್ದರೆ ಅವಧಿಯನ್ನು ವಿಸ್ತರಿಸಲೇಬೇಕು ಎಂದು ನಿಯಮ ಹೇಳುತ್ತದೆ ಎಂಬುದನ್ನು ಪುಸ್ತಕ ತೆರೆದು ತೋರಿಸಿದ ಮೇಲೆ, ಬಹಳ ಬೇಸರದಿಂದ, ವಿಚಾರಣೆಗೆ ಒಪ್ಪಿದರು.

ಆ ವಿಚಾರಣೆ ಐದು ನಿಮಿಷವೂ ನಡೆಯಲಿಲ್ಲ. ಮಕ್ಕಳ ವಿಚಾರಣೆಯಲ್ಲಿ ಪೋಷಕರೋ ಕೋಚೋ ಮೌನವಾಗಿ ಜೊತೆಗೆ ಕೂರುವ ಪದ್ಧತಿ ಹಲವೆಡೆ ಇದೆ. ಇಲ್ಲಿ ನನ್ನನ್ನು ಬಾಗಿಲಲ್ಲೇ ತಡೆದರು. ಒಳಗೆ ಮೂವರು ಹಿರಿಯರ ಎದುರು ಅವಳೊಬ್ಬಳೇ ನಿಂತಳು. ಆ ಮೂವರಲ್ಲಿ ಒಬ್ಬರು ಬೆಳಿಗ್ಗೆ ಬಾಯಿಮಾತಿನಲ್ಲಿ ಕೋರ್ಸ್ ಬದಲಿಸಿದ ಅದೇ ರೇಸ್ ಆಫೀಸರ್. ಯಾರ ಮೇಲೆ ದೂರು ಇದೆಯೋ ಅವರೇ ತೀರ್ಪುಗಾರರಾಗಿ ಕೂತರೆ ಬೇಲಿಯೇ ಎದ್ದು ಹೊಲ ಮೇಯ್ದಂತಲ್ಲವೇ? ತನ್ನ ಹಿತವೇ ಅಡಗಿರುವ ವಿಷಯದಲ್ಲಿ ಯಾರೂ ವಿಚಾರಣಾ ಮಂಡಳಿಯಲ್ಲಿ ಕೂರಬಾರದು ಎಂಬುದು ಈ ಆಟದ ನಿಯಮ ಮಾತ್ರವಲ್ಲ, ಹಳ್ಳಿಯ ಪಂಚಾಯ್ತಿ ಕಟ್ಟೆಯಲ್ಲೂ ಒಪ್ಪಿಕೊಂಡ ಮಾತು. “ಮೀಟಿಂಗಿಗೆ ಬರುವುದು ನಿನ್ನ ಜವಾಬ್ದಾರಿ, ಎಲ್ಲರೂ ಹೋದ ಕಡೆ ಹೋಗಬೇಕಿತ್ತು” ಎಂದು ಅವರು ಅವಳಿಗೆ ಹೇಳಿ ಕಳುಹಿಸಿದರಂತೆ. ಎಲ್ಲರೂ ಹೋದ ಕಡೆ ಹೋಗು ಎಂದು ಮಗುವಿಗೆ ಕಲಿಸುವುದಾದರೆ ನಿಯಮ ಪುಸ್ತಕವನ್ನು ಅವಳಿಂದ ಓದಿಸಿದ್ದು ಏತಕ್ಕೆ?

ವರ್ಲ್ಡ್ ಸೇಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುವ ಈ ಪುಸ್ತಕದ ಈಗಿನ ಆವೃತ್ತಿ 2025ರಿಂದ 2028ರವರೆಗೆ ಜಾರಿಯಲ್ಲಿದೆ. ಸೂಚನೆಗಳ ಬದಲಾವಣೆ ಲಿಖಿತವಾಗಿರಬೇಕು, ಗೊತ್ತುಪಡಿಸಿದ ಸಮಯಕ್ಕೆ ಮುಂಚೆ ಅಧಿಕೃತ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು, ನೀರಿನ ಮೇಲಾದರೆ ಪ್ರತಿಯೊಂದು ದೋಣಿಗೂ ರೇಸ್ ಶುರುವಾಗುವ ಮುನ್ನ ಕೊಡುವ ಅದರ ಎಚ್ಚರಿಕೆಯ ಸಂಕೇತಕ್ಕೆ ಮೊದಲೇ ತಿಳಿಸಬೇಕು, ಬಾಯಿಮಾತಿನ ಬದಲಾವಣೆಯನ್ನು ನೀರಿನ ಮೇಲೆ ಮಾತ್ರ, ಅದೂ ಅದರ ವಿಧಾನವನ್ನು ಮೊದಲೇ ಬರೆದು ತಿಳಿಸಿದ್ದರೆ ಮಾತ್ರ ಮಾಡಬಹುದು ಎಂದು 90ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಒಂದು ಬಿಳಿ ಹಾಳೆಯಲ್ಲಿ ಎರಡು ಸಾಲು ಬರೆದು ಬೋರ್ಡಿಗೆ ಚುಚ್ಚಲು ಎಷ್ಟು ಹೊತ್ತು ಬೇಕಾಗಿತ್ತು? ಅಷ್ಟೂ ಆಗಲಿಲ್ಲವೆಂದರೆ ಆ ಎಸ್ ಬಾವುಟವನ್ನು ಏರಿಸಬಹುದಿತ್ತು. ಅದು ಅವರ ಬೋಟಿನ ಪೆಟ್ಟಿಗೆಯಲ್ಲಿ ಮಡಚಿಟ್ಟಂತೆಯೇ ಇತ್ತು ಎಂದು ಅಲ್ಲಿದ್ದ ಸ್ವಯಂಸೇವಕರೊಬ್ಬರೇ ನನಗೆ ಹೇಳಿದ್ದಾರೆ.

“ಇದೇನು ಒಲಿಂಪಿಕ್ಸ್ ಅಲ್ಲವಲ್ಲಮ್ಮ, ಮಕ್ಕಳ ಆಟ, ಇಷ್ಟೊಂದು ಯಾಕೆ ಎಳೀತೀರಿ?” ಎಂದು ಆಯೋಜಕರಲ್ಲೊಬ್ಬರು ಹೊರಡುವಾಗ ನನಗೆ ಬುದ್ಧಿ ಹೇಳಿದರು. ಈ ಮಾತು ನನ್ನನ್ನು ಉಳಿದೆಲ್ಲಕ್ಕಿಂತ ಹೆಚ್ಚಾಗಿ ಕೆರಳಿಸಿತು. ಮಧ್ಯಪ್ರದೇಶದ ರೈತ ಕುಟುಂಬದ ನೇಹಾ ಠಾಕೂರ್ ಸಮುದ್ರವೇ ಇಲ್ಲದ ಭೋಪಾಲದ ಕೆರೆಯಲ್ಲಿ ತರಬೇತಿ ಪಡೆದು, 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹುಡುಗಿಯರ ಐಎಲ್‌ಸಿಎ 4 (ಒಬ್ಬರೇ ನಡೆಸುವ ಇನ್ನೊಂದು ಬಗೆಯ ಹಾಯಿದೋಣಿ) ವಿಭಾಗದ ಬೆಳ್ಳಿ ಗೆದ್ದಾಗ ಅವಳಿಗೆ 17 ವರ್ಷ. ಅಂಥ ಮಕ್ಕಳು ಬಾವುಟದ ಅರ್ಥ ಕಲಿಯುವುದು ಇಂಥ ಚಿಕ್ಕ ರೆಗಟ್ಟಾಗಳಲ್ಲೇ. ನಮ್ಮ ಕರ್ನಾಟಕದಲ್ಲಿ ಬೆಂಗಳೂರಿನ ಹಲಸೂರು ಕೆರೆ, ಕೆಆರ್‌ಎಸ್ ಹಿನ್ನೀರು ಎಂದು ಹಾಯಿದೋಣಿ ಕಲಿಯುವ ಜಾಗಗಳನ್ನು ಬೆರಳೆಣಿಕೆಯಲ್ಲಿ ಹೇಳಬಹುದು (ನಾನು ಹೇಳುತ್ತಿರುವ ಘಟನೆ ಇವೆರಡೂ ಕಡೆ ನಡೆದದ್ದಲ್ಲ). ಹೀಗಿರುವಾಗ ಮಕ್ಕಳು ಒಂದೊಂದು ಸ್ಪರ್ಧೆಗೂ ರಾತ್ರಿಯಿಡೀ ಪ್ರಯಾಣ ಮಾಡಿ, ಶಾಲೆಗೆ ರಜೆ ಹಾಕಿ ಬರುತ್ತಾರೆ. ಆಟ ಮಕ್ಕಳದ್ದೇ ಇರಬಹುದು. ಅದನ್ನು ನಡೆಸುವ ಕೆಲಸ ದೊಡ್ಡವರದು, ಮತ್ತು ಅವರು ಅದನ್ನು ಮಾಡಲಿಲ್ಲ.

ಆ ಸಂಜೆಯೇ ತೀರ್ಪನ್ನು ಲಿಖಿತವಾಗಿ ಕೊಡಿ ಎಂದು ಪತ್ರ ಕೊಟ್ಟು ಸ್ವೀಕೃತಿ ಪಡೆದಿದ್ದೇನೆ. ಲಿಖಿತ ತೀರ್ಪು ಕೈಸೇರಿದ 15 ದಿನಗಳೊಳಗೆ ರಾಷ್ಟ್ರೀಯ ಸಂಸ್ಥೆಗೆ ಮೇಲ್ಮನವಿ ಸಲ್ಲಿಸಬಹುದು. ತೀರ್ಪನ್ನೇ ಕೊಡದಿದ್ದರೆ ನಾನು ಯಾವುದನ್ನು ಲಗತ್ತಿಸಲಿ? ಎರಡು ಸಲ ಫೋನ್ ಮಾಡಿದಾಗ “ಸಾಹೇಬರು ಊರಲ್ಲಿಲ್ಲ” ಎಂಬ ಉತ್ತರ ಬಂದಿದೆ. ಉಳಿದ ಇಬ್ಬರು ಮಕ್ಕಳ ತಂದೆತಾಯಿಯರೂ ಈಗ ಸಹಿ ಹಾಕಲು ಒಪ್ಪಿದ್ದಾರೆ. ನೋಟಿಸ್ ಬೋರ್ಡಿನ ಫೋಟೊ ಮತ್ತು ಮೂರು ಸಹಿ ಖಾಲಿ ಇರುವ ಪಟ್ಟಿಯ ಫೋಟೊ ಎರಡನ್ನೂ ಲಗತ್ತಿಸಿ, ಈ ಸೋಮವಾರ ಸ್ಪೀಡ್ ಪೋಸ್ಟಿನಲ್ಲಿ ಎರಡನೆಯ ಪತ್ರ ಕಳುಹಿಸುತ್ತಿದ್ದೇವೆ. ಅಂಕಕ್ಕಿಂತ ಮೊದಲು ನಾವು ಅದರಲ್ಲಿ ಕೇಳಿರುವುದು ಒಂದು ಪ್ರಶ್ನೆಗೆ ಉತ್ತರ: ಮೂರು ಮಕ್ಕಳು ನೀರಿನ ಮೇಲಿರುವಾಗ ಲಂಗರು ಎತ್ತಲು ಹೇಳಿದವರು ಯಾರು?