ಕಾಂಟ್ಯಾಕ್ಟ್ ಲೆಕ್ಕಕ್ಕೆ ಸ್ಟ್ಯಾಟಿಕ್ ಸಾಕೇ?

ಎರಡು ಭಾಗ ಒಂದಕ್ಕೊಂದು ತಾಗಿ ಒತ್ತುವಾಗಿನ ಬಲವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ಕಾಂಟ್ಯಾಕ್ಟ್ ಲೆಕ್ಕ. ಸ್ಟ್ಯಾಟಿಕ್ ಅಂದರೆ ಜಡತ್ವ ಬಿಟ್ಟು, ಬಲಗಳ ಸಮತೋಲನ ಮಾತ್ರ ನೋಡುವ ವಿಧಾನ.

ಪರ: ಸಾಕು

ಪೀಣ್ಯದ ಒಂದು ವರ್ಕ್‌ಶಾಪ್‌ಗೆ ಬುಶ್ (ತೂತಿನೊಳಗೆ ಬಿಗಿಯಾಗಿ ಕೂರುವ ಕೊಳವೆ) ಒಂದರ ಲೆಕ್ಕ ಮಾಡಿಕೊಟ್ಟಿದ್ದೆ. ಉಕ್ಕಿನ ಬುಶ್, ಹೊರ ವ್ಯಾಸ ಅದನ್ನು ಹಿಡಿದಿಡುವ ಹೌಸಿಂಗ್‌ನ ತೂತಿಗಿಂತ 0.04 ಮಿ.ಮೀ. ಜಾಸ್ತಿ. ಪ್ರೆಸ್‌ನಲ್ಲಿ ನಿಧಾನಕ್ಕೆ ಒತ್ತಿ ಕೂರಿಸುತ್ತಾರೆ. ಕೂತ ಮೇಲೆ ಹಿಡಿತ ಎಷ್ಟು, ಹೌಸಿಂಗ್ ತಡೆಯುತ್ತಾ? ಅವರಿಗೆ ಬೇಕಿದ್ದದ್ದು ಇಷ್ಟೇ. ಸ್ಟ್ಯಾಟಿಕ್‌ನಲ್ಲಿ ಹಾಕಿದೆ, ಟೀ ಕುಡಿದು ಬರುವಷ್ಟರಲ್ಲಿ ಉತ್ತರ ಬಂದಿತ್ತು. ದಪ್ಪ ಗೋಡೆಯ ಕೊಳವೆಗಳಿಗಿರುವ ಲಾಮೆ ಸೂತ್ರ ಹಿಡಿದು ಕೈಯಲ್ಲೇ ತಾಳೆ ನೋಡಿದೆ, ಸರಿಯಿತ್ತು.

ಇದನ್ನೇ ಎಕ್ಸ್‌ಪ್ಲಿಸಿಟ್‌ನಲ್ಲಿ, ಅಂದರೆ ಜಡತ್ವವನ್ನೂ ಸೇರಿಸಿ ಕಾಲವನ್ನು ಸಣ್ಣ ಸಣ್ಣ ಸ್ಟೆಪ್‌ಗಳಲ್ಲಿ ದಾಟುವ ವಿಧಾನದಲ್ಲಿ, ಮಾಡಿ ನೋಡಿ. ಉಕ್ಕಿನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 5,000 ಮೀಟರ್ ಓಡುತ್ತದೆ. 1 ಮಿ.ಮೀ. ಎಲಿಮೆಂಟ್ (ಲೆಕ್ಕಕ್ಕಾಗಿ ಭಾಗವನ್ನು ಹಂಚಿದ ತುಣುಕು) ದಾಟಲು ಅದಕ್ಕೆ 0.2 ಮೈಕ್ರೋಸೆಕೆಂಡ್ ಸಾಕು. ಟೈಮ್ ಸ್ಟೆಪ್ ಅದಕ್ಕಿಂತ ದೊಡ್ಡದಾದರೆ ಲೆಕ್ಕ ಸಿಡಿದುಹೋಗುತ್ತದೆ. ಅಂದರೆ ಒಂದೇ ಒಂದು ಸೆಕೆಂಡಿಗೆ 50 ಲಕ್ಷ ಸ್ಟೆಪ್! ಬೇಗ ಮುಗಿಯಲಿ ಅಂತ ಮಾಸ್ ಸ್ಕೇಲಿಂಗ್ ಹಾಕಿದರೆ (ದ್ರವ್ಯರಾಶಿಯನ್ನು ಬೇಕೆಂದೇ ಹೆಚ್ಚಿಸಿದರೆ), ಇಲ್ಲದ ಜಡತ್ವ ಒಳಗೆ ನುಗ್ಗುತ್ತದೆ. ನಿಧಾನದ ಕೆಲಸಕ್ಕೆ ಇದೆಲ್ಲ ಯಾಕೆ ಬೇಕು?

ವಿರೋಧ: ಸಾಲದು

ಬುಶ್‌ಗೆ ಸಾಕು, ಒಪ್ಪಿದೆ. ನನ್ನ ಮೇಜಿನ ಮೇಲಿದ್ದದ್ದು ಪ್ಲಾಸ್ಟಿಕ್ ಡಬ್ಬಿಯ ಕ್ಲಿಪ್. ಒತ್ತಿದಂತೆಲ್ಲ ಕೊಕ್ಕೆ ಬಾಗುತ್ತದೆ, ಬಲ ಏರುತ್ತದೆ. ತುದಿ ಅಂಚು ದಾಟಿದ ಕೂಡಲೇ ಟಕ್! ಸರಿಯಾಗಿ ಅಲ್ಲೇ ಸ್ಟ್ಯಾಟಿಕ್ ನಿಂತಿತು. ಸ್ಟೆಪ್ ಅರ್ಧ ಮಾಡಿತು, ಮತ್ತೆ ಅರ್ಧ ಮಾಡಿತು, ಕೊನೆಗೆ ಕೈಚೆಲ್ಲಿತು. ಮೂರು ದಿನ ಕಾಂಟ್ಯಾಕ್ಟ್ ಸ್ಟಿಫ್‌ನೆಸ್ (ತಾಗುವ ಜಾಗದ ಬಿಗುವಿನ ಸೆಟ್ಟಿಂಗ್) ಏರಿಸಿ ಇಳಿಸಿ ನೋಡಿದೆ.

ತಪ್ಪು ಸೆಟ್ಟಿಂಗ್‌ನಲ್ಲಿ ಇರಲಿಲ್ಲ. ಬಾಗಿದ ಕೊಕ್ಕೆಯಲ್ಲಿ ತುಂಬಿಟ್ಟ ಶಕ್ತಿ ಆ ಕ್ಷಣಕ್ಕೆ ಎಲ್ಲಿಗಾದರೂ ಹೋಗಬೇಕಲ್ವಾ? ಸ್ಟ್ಯಾಟಿಕ್‌ನಲ್ಲಿ ಜಡತ್ವವೇ ಇಲ್ಲ, ಅದು ಚಲನೆಯಾಗುವ ದಾರಿಯೂ ಇಲ್ಲ. ಇನ್ನೂ ತಾಗದ ಭಾಗದ ಕಥೆಯೂ ಹೀಗೇ. ಹಿಡಿದಿಡಲು ಏನೂ ಇಲ್ಲದೆ ಅದು ಗಾಳಿಯಲ್ಲಿ ತೇಲುತ್ತದೆ, ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗುತ್ತದೆ, ಅಂದರೆ ಸಮೀಕರಣಗಳಿಗೆ ಒಂದು ನಿಶ್ಚಿತ ಉತ್ತರ ಸಿಗುವುದಿಲ್ಲ. ಲೆಕ್ಕದಲ್ಲಿ ಮಾತ್ರ ಇರುವ ವೀಕ್ ಸ್ಪ್ರಿಂಗ್ ಕಟ್ಟಿ ದಾಟಿಸುವವರಿದ್ದಾರೆ. ಆ ಸ್ಪ್ರಿಂಗ್ ಎಷ್ಟು ಬಲ ನುಂಗಿತು ಅಂತ ನೋಡುವವರು ಕಡಿಮೆ, ನನಗೆ ಬೇಸರ ಅಲ್ಲೇ.

50 ಲಕ್ಷ ಸ್ಟೆಪ್ ಅಂತ ಹೆದರಿಸಬೇಡಿ. ಇಂಪ್ಲಿಸಿಟ್ ಟ್ರಾನ್ಸಿಯೆಂಟ್‌ಗೆ (ಜಡತ್ವ ಸೇರಿಸಿ, ಪ್ರತಿ ಸ್ಟೆಪ್‌ನಲ್ಲೂ ಸಮೀಕರಣ ಬಿಡಿಸಿ ಸಾಗುವ ವಿಧಾನ) ಆ ಅಲೆಯ ಕಟ್ಟುಪಾಡು ಇಲ್ಲ. ಸುಮ್ನೆ ಸಾಗುವಾಗ ದೊಡ್ಡ ಸ್ಟೆಪ್, ಟಕ್ ಹತ್ತಿರ ಬಂದಾಗ ಸಣ್ಣದು. ರಾತ್ರಿ ಓಡಲು ಬಿಟ್ಟು ಬೆಳಗ್ಗೆ ಗ್ರಾಫ್ ತೆರೆದೆ. ಬಲ ಏರಿ, ಒಮ್ಮೆಲೇ ಕುಸಿದು, ಸಣ್ಣಗೆ ನಡುಗಿ ನಿಂತಿತ್ತು. ಗಿರಾಕಿ ಕೇಳಿದ್ದು ಎರಡು ಮಾತು: ಮುಚ್ಚಲು ಎಷ್ಟು ಬಲ ಬೇಕು, ಮುಚ್ಚಿದ ಮೇಲೆ ಕೊಕ್ಕೆ ಪೂರ್ತಿ ಕೂರುತ್ತದೆಯೇ? ಎರಡನೆಯದಕ್ಕೆ ಸ್ಟ್ಯಾಟಿಕ್ ಉತ್ತರವನ್ನೇ ಕೊಟ್ಟಿರಲಿಲ್ಲ.