ಬೇರು ಬಂತಾ?

ಬೇರು ಬರಲೆಂದು ನೆಟ್ಟ ಅಂಜೂರದ ಕಡ್ಡಿ ಕೊಳೆತರೆ ಮಲೆನಾಡಿನಲ್ಲಿ ಎಲ್ಲರೂ ಮಳೆಯನ್ನು ಬೈಯುತ್ತಾರೆ. ಅರ್ಧ ನಿಜ. ಉಳಿದರ್ಧ ಪಾಪ ನೆಂಟರದ್ದು.

ಕವಳ ಹಾಕಿಕೊಂಡು ಜಗಲಿಯಿಂದ ಇಳಿದವರ ಕೈ ಸೀದಾ ಕಡ್ಡಿ ನೆಟ್ಟ ಕೊಟ್ಟೆಗೇ (ಸಸಿ ಚೀಲಕ್ಕೇ) ಹೋಗುತ್ತದೆ. "ಬೇರು ಬಂತಾ ಮಾರಾಯ್ರೆ?" ಉತ್ತರ ಕೊಡುವುದರೊಳಗೆ ಕಡ್ಡಿ ಹೊರಗೆ! ಬುಡದಲ್ಲಿ ಬೆಳ್ಳಗೆ ಗಂಟುಗಂಟಾಗಿ ಕಟ್ಟಿದ್ದನ್ನು ಕಂಡು "ಬೂಷ್ಟು ಹಿಡಿದಿದೆ" ಅಂತ ಉಗುರಲ್ಲಿ ಕೆರೆಯುತ್ತಾರೆ. ಅದು ಬೂಷ್ಟಲ್ಲ ಸ್ವಾಮಿ, ಕೊಯ್ದ ಗಾಯ ಮಾಯುವಾಗ ಕಟ್ಟುವ ಕ್ಯಾಲಸ್. ನೂಲಿನಂಥ ಬೇರು ಬಂದಿದ್ದರೂ ಎಳೆದ ರಭಸಕ್ಕೆ ಹರಿದು ಮಣ್ಣಲ್ಲೇ ಉಳಿದಿರುತ್ತದೆ. "ಇನ್ನೂ ಬಂದಿಲ್ಲ" ಅಂತ ತೀರ್ಪು ಕೊಟ್ಟು, ಅದೇ ತೂತಿಗೆ ಚುಚ್ಚಿ, ಹೆಬ್ಬೆರಳಲ್ಲಿ ಒತ್ತಿ ಹೊರಡುತ್ತಾರೆ. ಮುಂದಿನ ವಾರ ಮತ್ತೆ ತಪಾಸಣೆ.

ಚಿಗುರು ಕಂಡರಂತೂ ಮುಗಿಯಿತು. "ಹಿಡೀತಲ್ಲ, ತೋಟಕ್ಕೆ ನೆಟ್ಬಿಡಿ!" ಆದರೆ ಮೊದಲ ಎರಡು ಎಲೆ ಬರುವುದು ಕಡ್ಡಿಯೊಳಗೆ ಕೂಡಿಟ್ಟ ಆಹಾರದಿಂದ. ಬೇರಿಲ್ಲದಿದ್ದರೆ ಆ ದಾಸ್ತಾನು ತೀರಿದೊಡನೆ ಬಾಡುತ್ತದೆ.

ಕೆಲಸವೇನೋ ಸುಲಭ. ಜೂನ್ ಮಳೆಗೆ ಚುಚ್ಚುವ ರೂಢಿ ಬಿಟ್ಟು, ಡಿಸೆಂಬರ್-ಜನವರಿಯಲ್ಲಿ, ಗಿಡ ಚಿಗುರುವ ಮುಂಚೆ, ಕಳೆದ ವರ್ಷದ ಬಲಿತ ಗೆಲ್ಲು ಆರಿಸಬೇಕು. ಪೆನ್ಸಿಲ್ ದಪ್ಪ, 20 ಸೆಂ.ಮೀ. ಉದ್ದ, ಮೂರ್ನಾಲ್ಕು ಗಣ್ಣು. ಬುಡವನ್ನು ಗಣ್ಣಿನ ಕೆಳಗೇ ನೇರ ಕೊಯ್ದು, ತುದಿಯನ್ನು ಓರೆ ಮಾಡಿದರೆ ತಲೆಕೆಳಗಾಗಿ ನೆಡುವ ಭಯವಿಲ್ಲ. ಮೂರರಲ್ಲಿ ಎರಡು ಪಾಲು ಮಣ್ಣೊಳಗೆ. ಮಣ್ಣಂದರೆ ಮರಳು, ತೆಂಗಿನ ನಾರಿನ ಪುಡಿ ಅಷ್ಟೇ. ಹಸಿ ಸಗಣಿಯ ಪ್ರೀತಿ ಬೇಡ, ಕೊಳೆಯುತ್ತದೆ. ಕೊಟ್ಟೆಯ ತಳಕ್ಕೆ ತೂತು, ನೆರಳು, ಹದವಾದ ಪಸೆ. ದಾಳಿಂಬೆಗೂ ಇದೇ ಕ್ರಮ, ಬೇಕಿದ್ದರೆ ಬುಡಕ್ಕೆ ಬೇರು ಬರಿಸುವ ಐಬಿಎ ಪುಡಿ. ಮಾವು, ಹಲಸಿಗೆ ಮಾತ್ರ ಈ ಆಸೆ ಬೇಡ, ಕಸಿಯೇ ಗತಿ.

ಹಿಂದೆಲ್ಲ ಹೊರಡುವ ನೆಂಟರ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿದ ಗೆಲ್ಲೊಂದು ಇರುತ್ತಿತ್ತು. ಹಾಗೆ ಊರೂರು ದಾಟಿ ಬಂದ ಮರಗಳಲ್ಲಿ ಈಗ ಹಣ್ಣಿದೆ, ಕೊಟ್ಟವರ ಮನೆಗೆ ಬೀಗ.

ಎಳೆಯುವವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಜಗಲಿ ಮುಂದೆ ಒಣ ಕಡ್ಡಿ ಚುಚ್ಚಿದ ಕೊಟ್ಟೆಯೊಂದನ್ನಿಟ್ಟು, ಅಸಲಿಯನ್ನು ಹಿತ್ತಿಲಿಗೆ ಸಾಗಿಸುವುದು ವಾಸಿ. ಆ ಒಣ ಕಡ್ಡಿಯನ್ನೂ ಎಳೆದು ನೋಡಿ, ಗೊಬ್ಬರ ಸಾಲದು ಅಂತ ಹೇಳಿಯೇ ಹೋಗುತ್ತಾರೆ.