ಎಲೆ ತುದಿಯ ಉಪ್ಪಿನಕಾಯಿ

ಇರಾನಿನಲ್ಲಿ ಚುನಾವಣೆಯೇ ನಡೆಯುವುದಿಲ್ಲ ಎನ್ನುವವರು ಆ ದೇಶಕ್ಕೆ ಅನ್ಯಾಯ ಮಾಡುತ್ತಾರೆ. ನಡೆಯುತ್ತದೆ, ಅದೂ ಎರಡೆರಡು ಸಲ. ಮೊದಲನೆಯದರಲ್ಲಿ ಮತದಾರರು ಹನ್ನೆರಡು ಮಂದಿ, ಎರಡನೆಯದರಲ್ಲಿ ಆರು ಕೋಟಿ. ಆ ಹನ್ನೆರಡು ಮಂದಿಗೆ ಪಾಲಕರ ಪರಿಷತ್ತು ಎಂದು ಹೆಸರು. ಆರು ಧರ್ಮಗುರುಗಳನ್ನು ಸರ್ವೋಚ್ಚ ನಾಯಕರು ನೇಮಿಸುತ್ತಾರೆ. ಉಳಿದ ಆರು ಕಾನೂನು ಪಂಡಿತರನ್ನು ನ್ಯಾಯಾಂಗದ ಮುಖ್ಯಸ್ಥರು ಸೂಚಿಸುತ್ತಾರೆ, ಸಂಸತ್ತು ತಲೆಯಾಡಿಸುತ್ತದೆ. ಆ ಮುಖ್ಯಸ್ಥರನ್ನು ನೇಮಿಸುವವರು ಯಾರೆಂದು ಕೇಳುವಷ್ಟು ಮುಗ್ಧರು ಈ ಅಂಕಣ ಓದುವುದಿಲ್ಲ.

ಪರಿಷತ್ತಿನ ಕೈಯಲ್ಲಿರುವುದು ಜರಡಿ: ಯಾರು ಚುನಾವಣೆಗೆ ನಿಲ್ಲಬಹುದು, ಯಾರು ನಿಲ್ಲಬಾರದು ಎಂದು ಸೋಸುವುದಕ್ಕೆ. ಮೊದಲು ಅದರಲ್ಲಿ ಸುಧಾರಣಾವಾದಿಗಳನ್ನು ಜಾಲಿಸುತ್ತಿದ್ದರು. ಅಭ್ಯಾಸಬಲ ನೋಡಿ, ಆಮೇಲೆ ಕೈ ನಿಲ್ಲಲಿಲ್ಲ. ಎರಡು ಅವಧಿಗೆ ಅಧ್ಯಕ್ಷರಾಗಿದ್ದ ರಫ್ಸಂಜಾನಿ 2013ರಲ್ಲಿ ಅನರ್ಹರಾದರು. ಸಂಪ್ರದಾಯವಾದಿಗಳ ಕಣ್ಮಣಿಯಾಗಿದ್ದ ಮಾಜಿ ಅಧ್ಯಕ್ಷ ಅಹ್ಮದಿನೆಜಾದ್ ಕೂಡ ಮುಂದೆ ಅದೇ ದಾರಿ ಹಿಡಿದರು. 2021ರಲ್ಲಿ 592 ಮಂದಿಯನ್ನು ಜಾಲಿಸಿ ಏಳು ಮಂದಿಯನ್ನು ಉಳಿಸಿಕೊಂಡಾಗ, ಹನ್ನೆರಡು ವರ್ಷ ಸ್ಪೀಕರ್ ಆಗಿದ್ದ ಅಲಿ ಲಾರಿಜಾನಿಯವರೂ ಹೊರಬಿದ್ದರು. ಅವರ ತಮ್ಮ ಸಾದಿಕ್ ಆಗ ಪರಿಷತ್ತಿನ ಸದಸ್ಯರು! ಜರಡಿ ಹಿಡಿದ ಕೈಯೇ ಬಹಿರಂಗವಾಗಿ ಗೊಣಗಿತು.

ಅಲ್ಲಿ ಮತದಾರ ಅಭ್ಯರ್ಥಿಯ ಹೆಸರನ್ನು ಚೀಟಿಯ ಮೇಲೆ ತನ್ನ ಕೈಯಾರೆ ಬರೆಯಬೇಕು. ಆ ವರ್ಷ ಸುಮಾರು 37 ಲಕ್ಷ ಚೀಟಿಗಳು ಕುಲಗೆಟ್ಟವು. ಗೆದ್ದ ರೈಸಿಯವರ ನಂತರ ಎರಡನೇ ಸ್ಥಾನ ಅವುಗಳದೇ. ಪರಿಷತ್ತು ಅನರ್ಹಗೊಳಿಸಲು ಮರೆತ ಏಕೈಕ ಅಭ್ಯರ್ಥಿ ಅದು.

ಖಾತಮಿಯವರ ಕಥೆ ಇನ್ನೂ ಸೊಗಸು. 1997ರಲ್ಲಿ ಎರಡು ಕೋಟಿ ಮತ ಪಡೆದು ಅಧ್ಯಕ್ಷರಾದ ಸುಧಾರಣಾವಾದಿ. 2015ರ ಹೊತ್ತಿಗೆ ಅವರ ಹೆಸರನ್ನಾಗಲಿ ಚಿತ್ರವನ್ನಾಗಲಿ ಅಚ್ಚು ಮಾಡಕೂಡದೆಂದು ಪತ್ರಿಕೆಗಳಿಗೆ ತಾಕೀತಾಯಿತು. ಪತ್ರಿಕೆಯವರು ಪೆದ್ದರೇ? ‘ಸುಧಾರಣಾ ಸರ್ಕಾರದ ಮುಖ್ಯಸ್ಥರು’ ಎಂದು ಬರೆಯತೊಡಗಿದರು. ಗಂಡನ ಹೆಸರು ಹೇಳಲಾರದೆ ‘ನಮ್ಮ ಮನೆಯವರು’ ಎನ್ನುವ ಹಳೆಯ ಕಾಲದ ಗೃಹಿಣಿಯರಂತೆ. ಊರಿಗೆಲ್ಲ ಗೊತ್ತು, ಬಾಯಲ್ಲಿ ಮಾತ್ರ ಬರುವುದಿಲ್ಲ.

ಹೀಗೆ ಜಾಲಿಸಿ ಜಾಲಿಸಿ ಎಲೆಯ ಮೇಲೆ ಬರೀ ಅನ್ನ ಉಳಿಯಿತು, ಉಣ್ಣುವವರು ಏಳತೊಡಗಿದರು. 2024ರಲ್ಲಿ ಐದು ಮಂದಿ ಸಂಪ್ರದಾಯವಾದಿಗಳ ಜೊತೆಗೆ, ಎಲೆಯ ತುದಿಗೆ ಒಂದು ಹೋಳು ಉಪ್ಪಿನಕಾಯಿ ಬಿದ್ದದ್ದು ಆಗ: ಸುಧಾರಣಾವಾದಿ, ಹೃದಯದ ಶಸ್ತ್ರಚಿಕಿತ್ಸಕ ಪೆಜೆಶ್ಕಿಯಾನ್. 2021ರಲ್ಲಿ ಇದೇ ಹೋಳನ್ನು ಇದೇ ಕೈಗಳು ಆಚೆ ಎಸೆದಿದ್ದವು. ಆದರೂ ಮೊದಲ ಸುತ್ತಿನಲ್ಲಿ ಪಂಕ್ತಿಗೆ ಕೂತ ಮತದಾರರು ಶೇ. 40ರಷ್ಟು. ಎರಡನೇ ಸುತ್ತಿಗೆ ಅರ್ಧ ಊರು ಬಂತು, ಉಪ್ಪಿನಕಾಯಿ ಗೆದ್ದಿತು.

ಇನ್ನು ಘೋರ ಕದನ ಎಂದುಕೊಂಡೆವು. ಸಂಪ್ರದಾಯವಾದಿಗಳೇ ತುಂಬಿದ ಸಂಸತ್ತು ಆಗಸ್ಟಿನಲ್ಲಿ ಅವರ ಹತ್ತೊಂಬತ್ತು ಸಚಿವರಲ್ಲಿ ಹತ್ತೊಂಬತ್ತನ್ನೂ ಒಪ್ಪಿಬಿಟ್ಟಿತು! 2001ರ ನಂತರ ಯಾವ ಅಧ್ಯಕ್ಷರಿಗೂ ಸಿಗದ ಭಾಗ್ಯ. ಹೆಸರುಗಳನ್ನು ಮೊದಲೇ ಮೇಲಿನವರ ಜೊತೆ ಮಾತಾಡಿ ಗಟ್ಟಿ ಮಾಡಿಕೊಂಡದ್ದೆಂದು ಅಧ್ಯಕ್ಷರೇ ಸಭೆಯಲ್ಲಿ ಬಾಯಿಬಿಟ್ಟಿದ್ದರು.

‘ಸುಧಾರಕರೇ, ತತ್ತ್ವನಿಷ್ಠರೇ, ಇನ್ನು ಕಥೆ ಮುಗಿಯಿತು’ ಎಂದು ಟೆಹರಾನಿನ ವಿದ್ಯಾರ್ಥಿಗಳು 2017ರ ಕೊನೆಯಲ್ಲೇ ಕೂಗಿದ್ದರು. ತತ್ತ್ವನಿಷ್ಠರೆಂದರೆ ಅಲ್ಲಿ ಸಂಪ್ರದಾಯವಾದಿಗಳು. ಪಾಪ, ಹುಡುಗರು. ಕಥೆ ಮುಗಿಯಿತೆಂದು ಸಾರುವುದಕ್ಕೂ ಹನ್ನೆರಡು ಮಂದಿಯ ಮಂಜೂರಾತಿ ಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ.